ಎರಡನೆಯ ಪುಸ್ತಕದ ರುಚಿ

ಪರೀಕ್ಷೆ ಮುಗಿಸಿದ ಹುಡುಗ ದಪ್ಪನೆಯ ಇಂಗ್ಲಿಷ್ ಕಾದಂಬರಿ ಹಿಡಿದು ಮೂಲೆ ಸೇರಿದರೆ ತಾಯಿಯ ಮೊದಲ ಪ್ರಶ್ನೆ: ‘ಏನಿದ್ಯೋ ಅದರಲ್ಲಿ?’ ‘ಕಿನ್ನರರು, ಕೊಲೆ, ಸ್ವಲ್ಪ ಪ್ರೇಮ’ ಎಂದನೋ, ಪುಸ್ತಕ ಬೀರುವಿನೊಳಗೆ! ಅಮೆರಿಕದ ಲೇಖಕಿ ಸೀನನ್ ಮಗ್ವಾಯರ್ ಬರೆದ ‘ಅಕ್ಟೋಬರ್ ಡೇ’ ಮಾಲೆಯ ಮಟ್ಟಿಗಾದರೂ ತಾಯಂದಿರು ಸ್ವಲ್ಪ ತಾಳುವುದು ಒಳ್ಳೆಯದು.

ಈ ಕಿನ್ನರರು ರೆಕ್ಕೆ ಕಟ್ಟಿಕೊಂಡ ಪುಟ್ಟ ಹುಡುಗಿಯರಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮನುಷ್ಯರ ವೇಷದಲ್ಲಿ ಬದುಕುವ ಜನ. ನಾಯಕಿ ಅಕ್ಟೋಬರ್, ಅಂದರೆ ಟೋಬಿ, ತಾಯಿಯಿಂದ ಕಿನ್ನರಿ, ತಂದೆಯಿಂದ ಮನುಷ್ಯಳು. ವೃತ್ತಿ ಪತ್ತೇದಾರಿಕೆ. 2009ರಲ್ಲಿ ಬಂದ ಮೊದಲ ಪುಸ್ತಕದಲ್ಲಿ, ಶಾಪದಿಂದ ಮೀನಾಗಿ 14 ವರ್ಷ ಉದ್ಯಾನದ ಕೊಳದಲ್ಲಿ ಕಳೆದು ಹಿಂತಿರುಗುತ್ತಾಳೆ. ಅಷ್ಟರಲ್ಲಿ ಮಗಳು ಬೆಳೆದು ನಿಂತಿದ್ದಾಳೆ, ಅಮ್ಮನೊಡನೆ ಮಾತೇ ಬೇಡ ಎನ್ನುತ್ತಾಳೆ.

2010ರಲ್ಲಿ ಬಂದ ಎರಡನೆಯದು ‘ಎ ಲೋಕಲ್ ಹ್ಯಾಬಿಟೇಷನ್’. ಹೆಸರು ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಮಾತು. ಟೋಬಿಯ ಒಡೆಯನಾದ ಡ್ಯೂಕನಿಗೆ ಸೋದರಿಯ ಮಗಳಾದ ಜನವರಿಯಿಂದ ಸುದ್ದಿಯಿಲ್ಲ. ಆಕೆ ಫ್ರೀಮಾಂಟ್ ಊರಿನಲ್ಲಿ ಕಂಪ್ಯೂಟರ್ ಕಂಪನಿ ನಡೆಸುವವಳು. (ನಮ್ಮ ಕಡೆಯ ಎಂಜಿನಿಯರುಗಳೂ ಸಂಸಾರ ಹೂಡಿರುವ ಊರು ಅದು.) ವಿಚಾರಿಸಿಕೊಂಡು ಬರಲು ಟೋಬಿ ಹೊರಡುತ್ತಾಳೆ. ಜೊತೆಗೆ ಹದಿಹರೆಯದ ಕ್ವೆಂಟಿನ್. ಅಲ್ಲಿ ಹೆಣಗಳು ಬೀಳತೊಡಗಿದಾಗ, ಮಗಳನ್ನು ಕಳೆದುಕೊಂಡ ಹೆಂಗಸಿನ ಮೇಲೆ ಇನ್ನೊಬ್ಬರ ಮಗುವಿನ ಹೊಣೆ ಬಿದ್ದಿರುತ್ತದೆ. ಪುಸ್ತಕದ ಜೀವ ಇರುವುದು ಇಲ್ಲೇ.

ವಿಜ್ಞಾನದ ವಿದ್ಯಾರ್ಥಿಗೆ ಹಿಡಿಸುವುದು ಬೇರೊಂದು ಸಂಗತಿ. ಈ ಮಾಯಾಲೋಕಕ್ಕೆ ನಿಯಮಗಳಿವೆ. ಬೆಳಗಾದರೆ ಮಾಯೆ ಕರಗುತ್ತದೆ. ಕಬ್ಬಿಣ ಕಿನ್ನರರಿಗೆ ವಿಷ. (ಬಾಣಂತಿಯ ಹಾಸಿಗೆ ಬಳಿ ಕಬ್ಬಿಣದ ಚೂರಿಡುವ ನಮ್ಮ ಅಜ್ಜಿಯರು ಕೇಳಿದ್ದರೆ ತಲೆದೂಗುತ್ತಿದ್ದರು.) ಕಿನ್ನರ ಸತ್ತರೆ ಇರುಳಿನ ಜೀವಿಗಳು ಬಂದು ಹೆಣ ಒಯ್ದು, ಮನುಷ್ಯನ ಹೆಣದಂಥ ಬೊಂಬೆ ಬಿಟ್ಟುಹೋಗುತ್ತವೆ. ಸತ್ತವನ ರಕ್ತ ನಾಲಗೆಗೆ ತಾಗಿದರೆ ಟೋಬಿಗೆ ಅವನ ನೆನಪು ಕಾಣುತ್ತದೆ. ಫ್ರೀಮಾಂಟಿನಲ್ಲಿ ಇರುಳಿನ ಜೀವಿಗಳು ಬರುವುದೇ ಇಲ್ಲ, ರಕ್ತದಲ್ಲಿ ನೆನಪೂ ಇಲ್ಲ! ಯುರೇನಸ್ ಗ್ರಹ ಲೆಕ್ಕದ ದಾರಿ ಬಿಟ್ಟು ನಡೆದದ್ದರಿಂದಲೇ ಅಲ್ಲವೇ 1846ರಲ್ಲಿ ನೆಪ್ಚೂನ್ ಸಿಕ್ಕಿದ್ದು? ನಿಯಮ ತಿಳಿದವನಿಗೆ ಮಾತ್ರ ಅದು ತಪ್ಪಿದ್ದು ಕಾಣುತ್ತದೆ. ಆದ್ದರಿಂದ ಮೊದಲನೆಯದನ್ನು ಓದಿದವನಿಗೇ ಎರಡನೆಯದರ ಪೂರ್ತಿ ರುಚಿ.

ಏಪ್ರಿಲ್ ಎಂಬ ಪಾತ್ರವಂತೂ ಮರೆಯುವಂಥದ್ದಲ್ಲ. ಅವಳು ವನದೇವತೆ, ಮರ ಸತ್ತರೆ ತಾನೂ ಸಾಯಬೇಕಾದವಳು. ಅವಳ ಮರ ನಾಶವಾದಾಗ ಜನವರಿ ಉಳಿದ ಕೊಂಬೆಯನ್ನು ಕಂಪ್ಯೂಟರಿಗೆ ಕಸಿ ಕಟ್ಟಿ ಬದುಕಿಸಿ, ಮಗಳಾಗಿ ಸಾಕಿದ್ದಾಳೆ. ಸಸ್ಯಶಾಸ್ತ್ರ ಇದನ್ನು ಒಪ್ಪದು, ಓದುಗನ ಮನಸ್ಸು ಒಪ್ಪಿಬಿಡುತ್ತದೆ.

ದೋಷವಿಲ್ಲವೆಂದಲ್ಲ. ಜಾಣ ಓದುಗನಿಗೆ ಅಪರಾಧಿಯ ಸುಳಿವು ಟೋಬಿಗಿಂತ ಮೊದಲೇ ಹತ್ತಬಹುದು. ಬೆಕ್ಕುಗಳ ರಾಜ ಟೈಬಾಲ್ಟನ ಪ್ರೇಮ ಇನ್ನೂ ಜಗಳದ ಹಂತದಲ್ಲೇ ಇದೆ. ಆ ಬಗ್ಗೆ ತಾಯಂದಿರು ನಿಶ್ಚಿಂತೆಯಿಂದಿರಬಹುದು. ರಕ್ತಪಾತ ಮಾತ್ರ ಸಾಕಷ್ಟಿದೆ. ಪ್ರೈಮರಿ ಶಾಲೆಯ ಮಕ್ಕಳಿಗಲ್ಲ, ಪಿಯುಸಿ ಮಕ್ಕಳಿಗೆ ಸರಿ.

ಮೂರನೆಯ ಪುಸ್ತಕವೂ 2010ರಲ್ಲೇ ಬಂತು. ಅದರಲ್ಲಿ ಕಾಣೆಯಾಗುವವರು ಮಕ್ಕಳು.