ನಿರುದ್ಯೋಗ ಭತ್ಯೆ ಬಂಡವಾಳವಾಗಲಿ

ರಾಜ್ಯ ಸರಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಯೋಜನೆಗೆ ಚಾಲನೆ ನೀಡಿತು. ಕಲಿಕೆ ಮುಗಿಸಿ ಆರು ತಿಂಗಳಾದರೂ ಉದ್ಯೋಗ ದೊರೆಯದ ಪದವೀಧರರಿಗೆ ಮಾಸಿಕ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ನಿರುದ್ಯೋಗದ ಹೊಣೆಯಲ್ಲಿ ಪ್ರಭುತ್ವಕ್ಕೂ ಪಾಲಿದೆಯೆಂದು ಒಪ್ಪಿಕೊಂಡ ಈ ಹೆಜ್ಜೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎರಡು ವರ್ಷಗಳ ನಂತರ ಏನು? ಶಿವಾಜಿನಗರದ ಗ್ಯಾರೇಜಿನಲ್ಲೋ ಗುಜರಿ ಅಂಗಡಿಯಲ್ಲೋ ದುಡಿದು ಕೆಲಸ ಕಳೆದುಕೊಂಡ, ಪದವಿಯಿಲ್ಲದ ತರುಣನ ಗತಿಯೇನು?

ಯುರೋಪಿನ ಕೆಲವು ರಾಷ್ಟ್ರಗಳು ಭತ್ಯೆಯನ್ನು ದುಡಿಮೆಯೊಂದಿಗೆ ಜೋಡಿಸಿವೆ. ನಿರುದ್ಯೋಗಿಯು ತನಗೆ ಸಲ್ಲಬೇಕಾದ ಭತ್ಯೆಯನ್ನು ಒಂದೇ ಕಂತಿನಲ್ಲಿ ಪಡೆದು ಕಾರ್ಮಿಕರ ಸಹಕಾರಿ ಸಂಘದಲ್ಲಿ ಪಾಲು ಬಂಡವಾಳವಾಗಿ ಹೂಡಲು ಸ್ಪೇನ್ 1985ರಲ್ಲೇ ಅವಕಾಶ ನೀಡಿತು. ಮುಚ್ಚುತ್ತಿರುವ ಕಾರ್ಖಾನೆಗಳನ್ನು ಕಾರ್ಮಿಕರೇ ಸಹಕಾರಿ ಸಂಘ ಕಟ್ಟಿ ಮುನ್ನಡೆಸಲು ನೆರವಾಗುವ ಕಾನೂನನ್ನು ಅದೇ ವರ್ಷ ಇಟಲಿಯೂ ತಂದಿತು.

ಇದು ಶ್ರೀಮಂತ ರಾಷ್ಟ್ರಗಳಿಗಷ್ಟೇ ಒಗ್ಗುವ ಮಾರ್ಗವಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಬೀದಿಪಾಲಾದ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸಹಕಾರಿ ಸಂಘ ಸ್ಥಾಪಿಸಿದರು. ಕಂಟೋನ್ಮೆಂಟಿನ ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಳ್ಳುವವರೆಗೂ ಆ ರಸ್ತೆಯ ಗುರುತಾಗಿತ್ತು. ಕೆಲಸ ಕಳೆದುಕೊಂಡವರೇ ಅಲ್ಲಿ ಒಡೆಯರಾದರು.

ಹಣ ಒಟ್ಟುಗೂಡಿಸುವ ಮಾತೆತ್ತಿದರೆ ಶಿವಾಜಿನಗರದ ಅನೇಕ ಕುಟುಂಬಗಳು ಇಂದಿಗೂ ಬೆಚ್ಚುತ್ತವೆ. 2019ರ ಜೂನ್‌ನಲ್ಲಿ ಐಎಂಎ ಕುಸಿದಾಗ ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟ ಹಣವೂ ಮುಳುಗಿತು. ಈ ಭಯ ಸಹಜ. ಆದರೆ ಅಲ್ಲಿ ಹೂಡಿಕೆದಾರರಿಗೆ ಮತವಿರಲಿಲ್ಲ, ಲೆಕ್ಕ ಕೇಳುವ ಸಭೆಯಿರಲಿಲ್ಲ. ಇದ್ದುದು ಒಬ್ಬ ವ್ಯಕ್ತಿಯ ಮೇಲಿನ ಕುರುಡು ನಂಬಿಕೆ ಮಾತ್ರ. ಸಹಕಾರಿ ಸಂಘದಲ್ಲಿ ಪ್ರತಿ ಸದಸ್ಯನಿಗೂ ಒಂದು ಮತವಿದೆ, ವಾರ್ಷಿಕ ಲೆಕ್ಕಪರಿಶೋಧನೆಯಿದೆ. ಸದಸ್ಯರು ಸಭೆಗೆ ಹೋಗದೆ ಮೌನವಾದರೆ ಅದೂ ಮುಳುಗೀತು ಎಂಬ ಎಚ್ಚರವೂ ಇರಬೇಕು.

ಎರಡು ವರ್ಷಗಳ ಯುವನಿಧಿಯ ಮೊತ್ತ 72,000 ರೂಪಾಯಿ. ಇಪ್ಪತ್ತು ಪದವೀಧರರು ಒಂದುಗೂಡಿದರೆ 14.4 ಲಕ್ಷ. ಸಂಘ ಕಟ್ಟಲು ಸಿದ್ಧರಿರುವವರಿಗೆ ಈ ಹಣವನ್ನು ಒಂದೇ ಕಂತಿನಲ್ಲಿ ನೀಡಬೇಕು, ಪದವಿಯಿಲ್ಲದ ಕುಶಲಕರ್ಮಿಗಳಿಗೂ ಈ ನೆರವು ವಿಸ್ತರಿಸಬೇಕು ಎಂದು ನಾವು ಸರಕಾರವನ್ನು ಆಗ್ರಹಿಸುತ್ತೇವೆ. ನೋಂದಣಿಗೆ ಮಾರ್ಗದರ್ಶನ, ಲೆಕ್ಕಪತ್ರದ ತರಬೇತಿ ಮತ್ತು ಕುಳಿತು ಚರ್ಚಿಸಲೊಂದು ಜಾಗ, ಇಷ್ಟನ್ನಾದರೂ ನಮ್ಮ ಜಮಾಅತ್‌ಗಳು ಒದಗಿಸಬಾರದೇ?