‘ಅವನು ಹಾಗೆಯೇ’ ಎಂಬ ರೋಗನಿರ್ಣಯ

ನರಸಾಪುರ ಹೋಬಳಿಯ ಹಳ್ಳಿಯೊಂದರಲ್ಲಿ ತಾಯಿಯೊಬ್ಬರ ಬಾಯಿಂದ ನಾವು ಕೇಳಿದ ಪ್ರಸಂಗವಿದು. ಆಕೆಯ ಮಗನಿಗೆ ಇಪ್ಪತ್ತಾರು ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಬೆಳವಣಿಗೆ ಕುಂಠಿತವಾದವನು. ಅವನ ಬಾಯಲ್ಲಿರುವುದು ಇಪ್ಪತ್ತೋ ಮೂವತ್ತೋ ದಖನಿ ಪದಗಳು ಮಾತ್ರ. ಒಂದು ದಿನ ಅವನು ಇದ್ದಕ್ಕಿದ್ದಂತೆ ಊಟ ಬಿಟ್ಟ. ರಾತ್ರಿಯಿಡೀ ಕಿರುಚತೊಡಗಿದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾ ‘ಗರಂ, ಗರಂ’ ಎಂದು ಹಲುಬತೊಡಗಿದ. ತಾಯಿ ಅವನನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಎರಡು ತಾಸು ಸರದಿಯಲ್ಲಿ ನಿಂತರು. ನೆರೆದವರು ಅವನನ್ನು ನೋಡಿ ದೂರ ಸರಿದರು, ಕೆಲವರು ನಕ್ಕರು. ದಾದಿ ಜ್ವರ ನೋಡಿದರು, ಜ್ವರವಿರಲಿಲ್ಲ. ‘ಏನಮ್ಮಾ, ಇವನು ಮೊದಲಿನಿಂದಲೂ ಹೀಗೇನಾ?’ ಎಂದು ವೈದ್ಯರು ಕೇಳಿದರು. ‘ಹುಟ್ಟಿನಿಂದ ಹೀಗೇ ಸಾರ್, ಆದರೆ ಈ ಹೊಡೆದುಕೊಳ್ಳೋದು ಹೊಸದು’ ಎಂದರು ತಾಯಿ. ವೈದ್ಯರ ಕಿವಿಗೆ ಬಿದ್ದದ್ದು ಆ ಮಾತಿನ ಮೊದಲರ್ಧ ಮಾತ್ರ. ಮಂಪರು ಬರಿಸುವ ಮಾತ್ರೆಯ ಚೀಟಿ ಕೈಗೆ ಬಂತು. ಮೂರು ವಾರಗಳ ಬಳಿಕ ದವಡೆ ಊದಿಕೊಂಡಾಗ, ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದು ಇನ್ನೊಂದು ಆಸ್ಪತ್ರೆಯಲ್ಲಿ ಪತ್ತೆಯಾಯಿತು. ಹಲ್ಲು ಕಿತ್ತ ಮರುದಿನ ಅವನು ಅನ್ನ ಕೇಳಿದ.

ಆ ಮನೆಯ ಪುಟ್ಟ ಮಕ್ಕಳಿಗೂ ಗೊತ್ತಿದ್ದ ಸಂಗತಿಯೊಂದಿದೆ. ಆ ಯುವಕನ ಪಾಲಿಗೆ ಎಲ್ಲ ನೋವಿನ ಹೆಸರೂ ‘ಗರಂ’. ಬಿದ್ದು ಮೊಣಕಾಲು ತರಚಿದರೂ ಗರಂ, ಹೊಟ್ಟೆ ನುಲಿದರೂ ಗರಂ. ಆಸ್ಪತ್ರೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ.

ಇದನ್ನು ಒಬ್ಬ ವೈದ್ಯರ ಅಜಾಗರೂಕತೆಯೆಂದು ಬಿಟ್ಟುಬಿಡುವುದು ಸುಲಭ. ಆದರೆ ಇಲ್ಲಿರುವುದು ಜಗತ್ತಿನಾದ್ಯಂತ ಗುರುತಿಸಲಾಗಿರುವ ದೋಷ. ರೋಗಿಯ ವಿಕಲತೆಯೇ ಕಣ್ಣಿಗೆ ಅಡ್ಡವಾಗಿ ನಿಂತು, ಅದರ ಹಿಂದಿನ ಕಾಯಿಲೆ ಕಾಣದೇ ಹೋಗುವುದು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ತಂಡವು ಇಂತಹ 247 ಮಂದಿಯ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ವರದಿ ನೀಡಿತು. ಬೌದ್ಧಿಕ ವಿಕಲತೆಯುಳ್ಳ ಪುರುಷರು ಇತರರಿಗಿಂತ ಸರಾಸರಿ 13 ವರ್ಷ ಮುಂಚಿತವಾಗಿಯೂ ಮಹಿಳೆಯರು 20 ವರ್ಷ ಮುಂಚಿತವಾಗಿಯೂ ಸಾಯುತ್ತಿದ್ದಾರೆಂದು ಅದು ತಿಳಿಸಿತು. ಉತ್ತಮ ಚಿಕಿತ್ಸೆ ದೊರೆತಿದ್ದರೆ ಶೇ. 37ರಷ್ಟು ಸಾವುಗಳನ್ನು ತಪ್ಪಿಸಬಹುದಿತ್ತೆಂದೂ ಹೇಳಿತು. ಉಚಿತ ಸರಕಾರಿ ವೈದ್ಯಸೇವೆಯನ್ನು 1948ರಿಂದ ನಡೆಸಿಕೊಂಡು ಬಂದ ದೇಶದ ಕತೆಯೇ ಹೀಗಿದ್ದರೆ, ನಮ್ಮಲ್ಲಿ ಇಂತಹ ಸಾವುಗಳನ್ನು ಎಣಿಸುವವರಾದರೂ ಯಾರು? 2011ರ ಜನಗಣತಿಯು ದೇಶದಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಬುದ್ಧಿಮಾಂದ್ಯರೆಂದು ದಾಖಲಿಸಿತ್ತು. ಮನೆಯ ಮರ್ಯಾದೆಗೆ ಅಂಜಿ ಹೆಸರು ಬರೆಸದ ಕುಟುಂಬಗಳು ಆ ಲೆಕ್ಕದ ಹೊರಗಿವೆ.

ಅಷ್ಟಕ್ಕೂ ನಮ್ಮಲ್ಲಿ ಕಾನೂನಿನ ಕೊರತೆಯೇನೂ ಇಲ್ಲ. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಅಂಗೀಕಾರವಾಗಿ 2017ರ ಎಪ್ರಿಲ್‌ನಲ್ಲಿ ಜಾರಿಗೆ ಬಂತು. ವಿಕಲಚೇತನರಿಗೆ ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ, ಮನೆಯ ಸಮೀಪದಲ್ಲೇ, ಆದಾಯ ಮಿತಿಗೆ ಒಳಪಟ್ಟು ಉಚಿತ ಚಿಕಿತ್ಸೆ ಸಿಗಬೇಕೆಂದು ಅದರ 25ನೇ ಸೆಕ್ಷನ್ ವಿಧಿಸುತ್ತದೆ. ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅವರಿಗೆ ಅಡೆತಡೆಯಿಲ್ಲದ ಪ್ರವೇಶವಿರಬೇಕು. ತಪಾಸಣೆಯಲ್ಲೂ ಚಿಕಿತ್ಸೆಯಲ್ಲೂ ಆದ್ಯತೆಯಿರಬೇಕು. ವೈದ್ಯರು ಮತ್ತು ದಾದಿಯರ ಶಿಕ್ಷಣದಲ್ಲಿ ವಿಕಲತೆಯ ವಿಷಯವನ್ನು ಸೇರಿಸಬೇಕೆಂದು 47ನೇ ಸೆಕ್ಷನ್ ಹೇಳುತ್ತದೆ. ಅಂದರೆ, ಆ ತಾಯಿ ಎರಡು ತಾಸು ಸರದಿಯಲ್ಲಿ ನಿಲ್ಲಬೇಕಾಗಿರಲಿಲ್ಲ. ಮುಂದೆ ಹೋಗಲು ಬಿಡಿರೆಂದು ಆಕೆ ಯಾರ ಕೃಪೆಯನ್ನೂ ಬೇಡಬೇಕಾಗಿರಲಿಲ್ಲ, ಅದು ಆಕೆಯ ಮಗನ ಹಕ್ಕು. ದುರಂತವೇನೆಂದರೆ, ಈ ಹಕ್ಕಿನ ಬಗ್ಗೆ ಆಕೆಗೂ ಗೊತ್ತಿರಲಿಲ್ಲ, ಸರದಿಯನ್ನು ನಿಭಾಯಿಸುತ್ತಿದ್ದವರಿಗೂ ಗೊತ್ತಿರಲಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿ ನಿವಾರಿಸಿಕೊಳ್ಳಬೇಕಾಗಿದೆ. ಬೌದ್ಧಿಕ ವಿಕಲತೆಯನ್ನು ಜನಸಾಮಾನ್ಯರು ಮಾತ್ರವಲ್ಲ, ಕೆಲವು ಆಸ್ಪತ್ರೆ ಸಿಬ್ಬಂದಿಯೂ ಹುಚ್ಚಿನೊಂದಿಗೆ ಬೆರೆಸಿಬಿಡುತ್ತಾರೆ. ಆದ್ದರಿಂದಲೇ ಹಲ್ಲುನೋವಿನವನಿಗೂ ಕಿವಿನೋವಿನವನಿಗೂ ‘ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ’ ಎಂಬ ಸಲಹೆ ಸಿಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಇವರಿಗೂ ಮಾನಸಿಕ ಕಾಯಿಲೆ ಬರಬಹುದು, ನಿಜ. ಆದರೆ ಎಲ್ಲರಂತೆ ಇವರಿಗೂ ಹಲ್ಲು ಹುಳುಕಾಗುತ್ತದೆ, ಮಲಬದ್ಧತೆಯಾಗುತ್ತದೆ, ಕಿವಿ ಸೋರುತ್ತದೆ, ಮೂತ್ರನಾಳದಲ್ಲಿ ಸೋಂಕಾಗುತ್ತದೆ. ಅಪಸ್ಮಾರವಂತೂ ಇವರಲ್ಲಿ ಇತರರಿಗಿಂತ ಹೆಚ್ಚು. ನೋವನ್ನು ಮಾತಿನಲ್ಲಿ ಹೇಳಲಾರದವರು ಅದನ್ನು ವರ್ತನೆಯಲ್ಲಿ ಹೇಳುತ್ತಾರೆ. ವರ್ತನೆ ಹಠಾತ್ತನೆ ಬದಲಾದರೆ ಮೊದಲು ದೇಹವನ್ನು ಪರೀಕ್ಷಿಸಬೇಕು, ಮಂಪರಿನ ಮಾತ್ರೆಯ ಯೋಚನೆ ಆಮೇಲಿನದು. ಈ ಒಂದು ನಿಯಮವನ್ನು ಪಾಲಿಸಲು ಯಾವ ಯಂತ್ರವೂ ಬೇಕಾಗಿಲ್ಲ.

ನರಸಾಪುರವು ಹೆದ್ದಾರಿಯ ಮಗ್ಗುಲಲ್ಲಿದೆ. ಜಿಲ್ಲಾಸ್ಪತ್ರೆಯಿರುವ ಕೋಲಾರ ನಗರ ಸುಮಾರು 15 ಕಿಲೋಮೀಟರ್ ದೂರ. 2013ರಿಂದ ಇಲ್ಲಿ ಹೋಂಡಾ ಕಂಪೆನಿಯ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ವಿಸ್ಟ್ರಾನ್ ಸ್ಥಾಪಿಸಿ 2023ರಲ್ಲಿ ಟಾಟಾ ಸಂಸ್ಥೆಯ ಕೈಸೇರಿದ ಕಾರ್ಖಾನೆಯಲ್ಲಿ ಐಫೋನುಗಳು ಜೋಡಣೆಯಾಗುತ್ತಿವೆ. ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕೆಂದೂ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ 2013ರ ಕಂಪೆನಿ ಕಾಯಿದೆಯು ದೊಡ್ಡ ಉದ್ಯಮಗಳಿಗೆ ವಿಧಿಸಿದೆ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದು ಮೀಸಲಿಡಬೇಕಾದ ಶೇ. 5ರಷ್ಟು ಹಣವಿದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಆಶಾ ಕಾರ್ಯಕರ್ತೆಯರೂ ಇದ್ದಾರೆ. ಹೀಗಿರುವಾಗ ಹಣವಿಲ್ಲ, ಜನರಿಲ್ಲ ಎಂಬ ನೆಪವನ್ನು ಒಪ್ಪುವುದು ಹೇಗೆ?

ಆಗಬೇಕಾದುದೇನು? ಮೊದಲನೆಯದು, ಒಂದು ಹಾಳೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಂತಹ ರೋಗಿಗಳು ತಮ್ಮ ಪರಿಚಯಪತ್ರವೊಂದನ್ನು ಜೊತೆಗೆ ತರುವ ಪದ್ಧತಿಯಿದೆ. ಯಾವ ಭಾಷೆ ಬಲ್ಲ, ನೋವಾದರೆ ಏನು ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವ ಔಷಧ ನಡೆಯುತ್ತಿದೆ, ಯಾರನ್ನು ಕರೆಯಬೇಕು ಎಂಬ ವಿವರಗಳು ಅದರಲ್ಲಿರುತ್ತವೆ. ಕನ್ನಡ, ತೆಲುಗು, ದಖನಿ ಮೂರೂ ಬೆರೆತಿರುವ ಕೋಲಾರದ ನೆಲಕ್ಕೆ ಇಂತಹ ಹಾಳೆಯ ಅಗತ್ಯ ಇನ್ನೂ ಹೆಚ್ಚು. ಪುನರ್ವಸತಿ ಕಾರ್ಯಕರ್ತರು ತಾಯಂದಿರ ಜೊತೆ ಕುಳಿತು ಅದನ್ನು ಕನ್ನಡದಲ್ಲಿ ಬರೆದುಕೊಡಲಿ. ಎರಡನೆಯದು, ಹೊರರೋಗಿ ವಿಭಾಗದಲ್ಲಿ ಕಾನೂನು ಹೇಳಿದ ಆದ್ಯತೆಯನ್ನು ಫಲಕದಲ್ಲಿ ಬರೆದು ತೂಗುಹಾಕಲಿ. ಮೂರನೆಯದು, ಜಿಲ್ಲಾಸ್ಪತ್ರೆಯಲ್ಲಿ ಇಂತಹವರ ಹೊಣೆ ಹೊರಲು ತರಬೇತಾದ ಒಬ್ಬ ದಾದಿಯಾದರೂ ಇರಲಿ. ನಾಲ್ಕನೆಯದು, 18 ತುಂಬಿದವರ ವಾರ್ಷಿಕ ತಪಾಸಣೆ. ಮಕ್ಕಳಿಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18ನೇ ವಯಸ್ಸಿಗೆ ಕೊನೆಗೊಳ್ಳುತ್ತದೆ, ವಿಕಲತೆ ಕೊನೆಗೊಳ್ಳುವುದಿಲ್ಲ.

ಕುಟುಂಬಗಳಿಗೂ ಹೊಣೆಯಿದೆ. ವಿಕಲತೆಯ ಪ್ರಮಾಣಪತ್ರ ಪಡೆದವರು ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಗೆ ಅರ್ಜಿ ಹಾಕಬಹುದು. ಅದರಲ್ಲಿ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ, ಹೊರರೋಗಿ ಚಿಕಿತ್ಸೆಯೂ ಸೇರಿದೆ. ಆದರೆ ಪ್ರಮಾಣಪತ್ರಕ್ಕಾಗಿ ಮಗನನ್ನು ಬೀದಿಗೆ ಕರೆದೊಯ್ಯಲು ನಾಚುವವರೂ, ತಾಯತ ಕಟ್ಟಿಸಿ ವರ್ಷಗಳನ್ನು ಕಳೆಯುವವರೂ ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಅಡಗಿಸಿಟ್ಟ ಮಗುವಿನ ಕಾಯಿಲೆಯೂ ಅಡಗಿಯೇ ಬೆಳೆಯುತ್ತದೆ. ಅದೇ ಹೊತ್ತಿಗೆ, ಮನೆಯವರ ಮಾತು ರೋಗಿಯ ಮಾತನ್ನು ನುಂಗಲೂಬಾರದು. ಚಂಡೀಗಢದ ಪ್ರಕರಣವೊಂದರಲ್ಲಿ 2009ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಅಲ್ಪ ಬುದ್ಧಿಮಾಂದ್ಯವುಳ್ಳ ಮಹಿಳೆಯ ಗರ್ಭಪಾತಕ್ಕೂ ಆಕೆಯದೇ ಒಪ್ಪಿಗೆ ಬೇಕೆಂದು ಹೇಳಿತು. ಅವರಿಗೂ ಒಂದು ಇಚ್ಛೆಯಿದೆ, ಅದನ್ನು ಕೇಳಬೇಕು.

ಆ ತಾಯಿಯನ್ನು ನಾವು ಬೀಳ್ಕೊಡುವಾಗ ಆಕೆ ಕೇಳಿದ ಪ್ರಶ್ನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ‘ನಾನಿರುವಷ್ಟು ದಿನ ಅವನ ಗರಂ ನನಗೆ ಅರ್ಥವಾಗುತ್ತೆ. ನಾನು ಹೋದ ಮೇಲೆ ಯಾರಿಗೆ ಅರ್ಥವಾಗುತ್ತೆ?’ ಇದಕ್ಕೆ ಉತ್ತರಿಸಬೇಕಾದವರು ಆರೋಗ್ಯ ಇಲಾಖೆಯವರು, ಪಂಚಾಯಿತಿಯವರು ಮತ್ತು ಆ ಸರದಿಯಲ್ಲಿ ನಿಂತು ನಕ್ಕ ನಾವು. ಸದ್ಯಕ್ಕೆ ಒಂದು ಹಾಳೆಯ ಮೇಲೆ ಒಂದು ಸಾಲನ್ನಾದರೂ ಬರೆದಿಡೋಣ: ಈತ ‘ಗರಂ’ ಎಂದರೆ ಎಲ್ಲೋ ನೋಯುತ್ತಿದೆ ಎಂದರ್ಥ, ದಯವಿಟ್ಟು ಹುಡುಕಿ.