ಇಲಿ ಯಾಕ ಅಳಾಕತ್ತೈತಿ?

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಜೊತೆಗೆ ಎರಡು ಪುಸ್ತಕ: ನಮ್ಮ ಜಿಲ್ಲೆಯ ಆರಿಫ್ ರಾಜಾ ಅವರಿಗೆ 2012ರಲ್ಲಿ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ತಂದ ಕವನ ಸಂಕಲನ 'ಜಂಗಮ ಫಕೀರನ ಜೋಳಿಗೆ', ಮತ್ತು ಆರ್ಟ್ ಸ್ಪೀಗಲ್‌ಮನ್‌ನ ಚಿತ್ರಕಾದಂಬರಿ 'ಮೌಸ್'. ಅದರಲ್ಲಿ ಯಹೂದಿಗಳು ಇಲಿ, ನಾಜಿಗಳು ಬೆಕ್ಕು.

ಚಿತ್ರದ ಪುಸ್ತಕ ಮಕ್ಕಳಿಗೆ ಅಂತ ಮೂಗು ಮುರಿಯುತ್ತಿದ್ದವನು ನಾನು. ಮಸ್ಕಿ ಹತ್ತಿರ ಪಕ್ಕದ ಅಜ್ಜಿ ಬಗ್ಗಿ ನೋಡಿ, "ಈ ಇಲಿ ಯಾಕ ಅಳಾಕತ್ತೈತೋ ಯಪ್ಪಾ?" ಅಂದಳು. ಓದು ಬಾರದವಳು. ಪೋಲೆಂಡಿನ ದುಃಖ ಅವಳಿಗೆ ಮುಟ್ಟಿತ್ತು! ನಮ್ಮದೇ ಸೀಮೆಯ ಕವಿತೆ ಮಾತ್ರ ನನ್ನ ತೊಡೆ ಮೇಲೆ ಸುಮ್ಮನೆ ಕೂತಿತ್ತು.

ಒಂದನ್ನು ಗಟ್ಟಿಯಾಗಿ ಓದಿದೆ. "ಇನ್ನೊಂದು ಓದಪಾ" ಅಂದಳು.

ತಪ್ಪು ಕವಿತೆಯದಲ್ಲ, ಮನಸ್ಸಿನಲ್ಲೇ ಓದಿಕೊಳ್ಳುವ ನಮ್ಮದು. ಸಂಕಲನ ಕೊಂಡವರು ಒಂದು ಕವಿತೆಯನ್ನಾದರೂ ಯಾರಿಗಾದರೂ ಓದಿ ಹೇಳಬೇಕು. ನೀವೇನಂತೀರಿ?